ಲಿನಕ್ಸ್‌ನಲ್ಲಿ ಕೂತು ಸಫಾರಿ ನೋಡುವುದು, ಮತ್ತು ಬಜ್ಪೆ ಬಜೆಯಾದ ಕಥೆ

ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಾತ್ರ ಇಟ್ಟುಕೊಂಡು ವೆಬ್‌ಸೈಟ್ ಕೆಲಸ ಮಾಡುತ್ತೇನೆ ಅಂದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ಸಫಾರಿಯಲ್ಲಿ ಹೇಗೆ ಕಾಣ್ತದೆ ಅಂತ ಎಲ್ಲಿ ನೋಡ್ತೀರಿ ಮಾರಾಯ್ರೆ?"

ಕೇಳುವುದು ಸರಿಯೇ. ಸಫಾರಿ ಅಂದರೆ ಐಫೋನ್, ಮ್ಯಾಕ್ ಜೊತೆ ಬರುವ ಆಪಲ್‌ನ ಬ್ರೌಸರ್. ಲಿನಕ್ಸ್‌ಗೆ ಅದು ಇಲ್ಲ, ಯಾವತ್ತೂ ಇರಲಿಲ್ಲ. ವಿಂಡೋಸ್‌ಗಾದರೂ 2007ರಲ್ಲಿ ಬಂದಿತ್ತು, 2012ಕ್ಕೆ ಅದೂ ನಿಂತಿತು. ಬೇರೆ ಊರಿನವರಿಗೆ ಇದು ದೊಡ್ಡ ತಲೆನೋವಲ್ಲದೆ ಇರಬಹುದು, ನಮ್ಮ ಉಡುಪಿ-ಮಂಗಳೂರಿನ ಕಡೆ ಹಾಗಲ್ಲ. ಇಲ್ಲಿ ಸೈಟ್ ಮಾಡಿಸುವವರು ಊರಿನವರು, ನೋಡುವವರಲ್ಲಿ ಸುಮಾರು ಜನ ಇರುವುದು ಮುಂಬೈ, ದುಬೈ, ಮಸ್ಕತ್, ದೋಹಾದಲ್ಲಿ. ಊರಿನ ದೈವದ ನೇಮ ಯಾವಾಗ, ಮನೆ ಹತ್ತಿರ ಯಕ್ಷಗಾನದ ಆಟ ಎಲ್ಲಿ, ಮದುವೆ ಹಾಲ್ ಖಾಲಿ ಉಂಟಾ ಅಂತ ಅವರು ಅಲ್ಲಿಂದಲೇ ನೋಡುತ್ತಾರೆ, ನೋಡುವುದು ಐಫೋನ್‌ನಲ್ಲಿ. ಅವರು ಹೊಸ ಫೋನ್ ತೆಗೆದುಕೊಂಡಾಗ ಹಳೆಯದು ಅಮ್ಮನಿಗೋ ಮಾವನಿಗೋ ಅಂತ ಊರಿಗೆ ಬರುತ್ತದೆ. ಈ ಹಳೆಯ ಐಫೋನಿನ ವಿಷಯ ಸ್ವಲ್ಪ ತಡೆದು ಹೇಳುತ್ತೇನೆ, ಎಲ್ಲಕ್ಕಿಂತ ಜಾಸ್ತಿ ಕಾಡುವುದು ಅದೇ.

ಮೊದಲು ಇನ್ನೊಂದು. ಸುಮಾರು ಜನ ಲಿನಕ್ಸ್‌ನಲ್ಲಿ ಕ್ರೋಮ್ ಹಾಕುತ್ತಾರೆ, ಕ್ರೋಮಿಯಂ ಹಾಕುತ್ತಾರೆ, ಬ್ರೇವ್, ವಿವಾಲ್ಡಿ, ಒಪೆರಾ ಹಾಕುತ್ತಾರೆ, 2021ರಿಂದ ಎಡ್ಜ್ ಕೂಡ ಲಿನಕ್ಸ್‌ಗೆ ಸಿಗುತ್ತದಲ್ಲ ಅಂತ ಅದನ್ನೂ ಹಾಕುತ್ತಾರೆ, ಎಲ್ಲದರಲ್ಲೂ ಸೈಟ್ ತೆರೆದು ನೋಡಿ ಆರು ಬ್ರೌಸರ್‌ನಲ್ಲಿ ಟೆಸ್ಟ್ ಆಯಿತು ಅಂತ ಗಿರಾಕಿಗೆ ಬರೆದು ಕಳಿಸುತ್ತಾರೆ. ಇಡ್ಲಿ ಹಿಟ್ಟು ಒಂದೇ, ಎಲೆ ಸುತ್ತಿದ ಮೂಡೆಯಲ್ಲಿ ಬೇಯಿಸಿದರೂ ಎಲೆ ಕೊಟ್ಟೆಯ ಗುಂಡದಲ್ಲಿ ಬೇಯಿಸಿದರೂ. ಈ ಆರರ ಒಳಗೂ ಇರುವುದು ಬ್ಲಿಂಕ್ ಅನ್ನುವ ಒಂದೇ ಎಂಜಿನ್, ಅಂದರೆ ಪುಟವನ್ನು ಪರದೆಗೆ ತರುವ ಒಳಗಿನ ತಂತ್ರಾಂಶ. ಒಪೆರಾ 2013ರಲ್ಲಿ ತನ್ನ ಸ್ವಂತ ಪ್ರೆಸ್ಟೋ ಎಂಜಿನ್ ಬಿಟ್ಟುಬಿಟ್ಟಿತು. ಎಡ್ಜ್ 2020ರ ಜನವರಿಯಲ್ಲಿ, ಕ್ರೋಮ್‌ನ ಮುಕ್ತ ರೂಪವಾದ ಕ್ರೋಮಿಯಂ ಮೇಲೆ ಹೊಸದಾಗಿ ಎದ್ದು ಬಂತು. ಪುಟವನ್ನು ಹಾಕಿ ತೋರಿಸುವ ಭಾಗ, ಸ್ಕ್ರಿಪ್ಟ್ ಅಂದರೆ ಪುಟದೊಳಗಿನ ಪ್ರೋಗ್ರಾಂ ಓಡಿಸುವ ಭಾಗ ಎರಡೂ ಒಂದೇ ಆದ ಮೇಲೆ ಒಂದರಲ್ಲಿ ಸರಿ ಬಂದದ್ದು ಉಳಿದ ಐದರಲ್ಲೂ ಸರಿಯೇ ಬರುತ್ತದೆ. ಬ್ರೇವ್‌ನ ಜಾಹೀರಾತು ತಡೆ ನಿಮ್ಮ ಸೈಟಿನ ಏನನ್ನಾದರೂ ನುಂಗುತ್ತದಾ ಅಂತ ನೋಡುವುದಿದ್ದರೆ ಅದು ಬೇರೆ ವಿಷಯ.

ಹಾಗಾಗಿ ಎಣಿಸುವುದಾದರೆ ಎಂಜಿನ್ ಎಣಿಸಬೇಕು. ಈಗ ಲೆಕ್ಕಕ್ಕೆ ಸಿಗುವುದು ಮೂರು: ಕ್ರೋಮ್ ಬಳಗದ ಬ್ಲಿಂಕ್, ಫೈರ್‌ಫಾಕ್ಸ್‌ನ ಗೆಕ್ಕೋ, ಸಫಾರಿಯ ವೆಬ್‌ಕಿಟ್. ಇದರಲ್ಲಿ ಒಂದು ತಮಾಷೆ ಉಂಟು. ಕ್ರೋಮ್ ತನ್ನ ಗುರುತು ಹೇಳಿಕೊಳ್ಳುವಾಗ ಸರ್ವರ್‌ಗೆ ಕಳಿಸುವ ಉದ್ದದ ಸಾಲನ್ನು ಯಾವತ್ತಾದರೂ ನೋಡಿದ್ದೀರಾ? ಮೊಜಿಲ್ಲಾ ಅಂತ ಶುರುವಾಗುತ್ತದೆ, ಮಧ್ಯದಲ್ಲಿ ಆಪಲ್‌ವೆಬ್‌ಕಿಟ್ ಬರುತ್ತದೆ, ಅದರ ಪಕ್ಕದಲ್ಲಿ "ಕೆಎಚ್‌ಟಿಎಂಎಲ್, ಲೈಕ್ ಗೆಕ್ಕೋ" ಅಂತ ಇರುತ್ತದೆ, ಕೊನೆಗೆ ಸಫಾರಿ. ಆ ಕೆಎಚ್‌ಟಿಎಂಎಲ್ ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್‌ನದು, ಅದರ ಕಾಂಕರರ್ ಬ್ರೌಸರ್‌ಗೆ ಅಂತ ಬರೆದ ಎಂಜಿನ್. ಆಪಲ್ ಅದನ್ನು ತೆಗೆದುಕೊಂಡು ಬೆಳೆಸಿ 2003ರ ಜನವರಿಯಲ್ಲಿ ಸಫಾರಿ ಘೋಷಿಸಿತು, 2005ರಲ್ಲಿ ವೆಬ್‌ಕಿಟ್ ಅನ್ನು ಮುಕ್ತ ತಂತ್ರಾಂಶವಾಗಿ ಹೊರಗೆ ಬಿಟ್ಟಿತು. ಗೂಗಲ್ ಅದರ ಮೇಲೆ 2008ರಲ್ಲಿ ಕ್ರೋಮ್ ಕಟ್ಟಿತು, 2013ರಲ್ಲಿ ಬೇರೆ ಮನೆ ಮಾಡಿಕೊಂಡು ಅದಕ್ಕೆ ಬ್ಲಿಂಕ್ ಅಂತ ಹೆಸರಿಟ್ಟಿತು. ಅಂದರೆ ಈಗಿನ ಫೋನ್‌ಗಳಲ್ಲಿ ಹೆಚ್ಚಿನವು ಓಡಿಸುತ್ತಿರುವುದು ನಮ್ಮ ಲಿನಕ್ಸ್ ಮನೆಯಿಂದ ಹೋದ ಕೂಸನ್ನೇ. ಮನೆಯವರಿಗೆ ಮಾತ್ರ ಸಫಾರಿ ಇಲ್ಲ!

ಸಫಾರಿ ಇಲ್ಲದಿದ್ದರೂ ವೆಬ್‌ಕಿಟ್ ಉಂಟು. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನವರ ಬ್ರೌಸರ್ ಒಂದಿದೆ, ಈಗಿನ ಹೆಸರು ಗ್ನೋಮ್ ವೆಬ್, ಹಳೆಯ ಹೆಸರು ಎಪಿಫನಿ. ಅದು ಓಡುವುದು ವೆಬ್‌ಕಿಟ್‌ನ ಲಿನಕ್ಸ್ ರೂಪವಾದ ವೆಬ್‌ಕಿಟ್‌ಜಿಟಿಕೆ ಮೇಲೆ. ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್‌ಗಳಲ್ಲಿ ಹಾಕುವಾಗ ಎಪಿಫನಿ-ಬ್ರೌಸರ್ ಅಂತ ಪೂರ್ತಿ ಹೆಸರು ಕೊಡಿ. ಸುಮ್ನೆ ಎಪಿಫನಿ ಅಂತ ಕೊಟ್ಟರೆ ಬರುವುದು ಮಣ್ಣು ಅಗೆದು ಕಲ್ಲು ತಪ್ಪಿಸಿಕೊಳ್ಳುವ ಒಂದು ಆಟ. ಕೆಟ್ಟ ಆಟವೇನಲ್ಲ, ಆದರೆ ಅದರಲ್ಲಿ ಸೈಟ್ ಟೆಸ್ಟ್ ಮಾಡಲಾಗುವುದಿಲ್ಲ.

ಗ್ನೋಮ್ ವೆಬ್‌ನಲ್ಲಿ ತೆರೆದು ನೋಡಿದರೆ ಪುಟದ ಜೋಡಣೆ ಎಲ್ಲಿ ಒಡೆಯುತ್ತದೆ, ಯಾವ ಸ್ಕ್ರಿಪ್ಟ್ ಕೈಕೊಡುತ್ತದೆ ಅನ್ನುವುದು ಸುಮಾರು ಗೊತ್ತಾಗುತ್ತದೆ. ಇನ್ನೂ ಅನುಕೂಲ ಬೇಕಿದ್ದರೆ ಪ್ಲೇರೈಟ್. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಈ ಸಲಕರಣೆ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ತಾನೇ ಇಳಿಸಿಕೊಳ್ಳುತ್ತದೆ, ಲಿನಕ್ಸ್‌ನಲ್ಲೂ. ಒಂದೇ ಸ್ಕ್ರಿಪ್ಟ್ ಬರೆದು ಮೂರರಲ್ಲೂ ಪುಟ ತೆರೆಸಿ, ಬಟನ್ ಒತ್ತಿಸಿ, ಸ್ಕ್ರೀನ್‌ಶಾಟ್ ತೆಗೆಸಬಹುದು. ಅಧಿಕೃತವಾಗಿ ಅವರು ನೋಡಿಕೊಳ್ಳುವುದು ಉಬುಂಟು ಮತ್ತು ಡೆಬಿಯನ್. ಬೇರೆ ಲಿನಕ್ಸ್ ಇಟ್ಟುಕೊಂಡವರಿಗೆ ಆ ಲೈಬ್ರರಿ ಇಲ್ಲ ಈ ಲೈಬ್ರರಿ ಇಲ್ಲ ಅಂತ ಗೋಳು ಇದ್ದದ್ದೇ, ಅಂಥವರು ಡಾಕರ್ ಕಂಟೇನರ್ ಒಳಗೆ, ಅಂದರೆ ಯಂತ್ರದೊಳಗೇ ಬೇರೆ ಮಾಡಿಟ್ಟ ಪುಟ್ಟ ಲಿನಕ್ಸ್ ಒಳಗೆ, ಓಡಿಸುವುದು ಒಳ್ಳೆಯದು.

ಇನ್ನು ಹಳೆಯ ಐಫೋನಿನ ಕಥೆ. ನಮ್ಮ ಕಡೆಯ ಒಂದು ಯಕ್ಷಗಾನ ಅಭಿಮಾನಿ ಬಳಗದ ಸೈಟ್ ಒಂದುಂಟು. ಮೇಳಗಳ ತಿರುಗಾಟ ಶುರುವಾಗುವ ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಇವತ್ತು ಯಾವ ಮೇಳದ ಆಟ ಎಲ್ಲಿ, ನಾಳೆ ಎಲ್ಲಿ ಅಂತ ಪಟ್ಟಿ ಹಾಕುವುದು ಅದರ ಕೆಲಸ. ಸೈಟ್ ಮಾಡಿದವರು ಬೇರೆ ಯಾರೋ, ಈಗ ಊರಿನಲ್ಲಿಲ್ಲ. ಬಳಗದ ಖಜಾಂಚಿ ಫೋನ್ ಮಾಡಿದರು.

"ಎಂತ ಮಾರಾಯ, ಪುಟ ಬರ್ತದೆ, ಮೇಲೆ ಹೆಸರು ಬರ್ತದೆ, ಪಟ್ಟಿ ಮಾತ್ರ ಇಲ್ಲ. ಕ್ರೋಮ್‌ನಲ್ಲೂ ನೋಡಿದೆ, ಅದ್ರಲ್ಲೂ ಹಾಗೇ."

"ನಿಮ್ಮದು ಯಾವ ಫೋನ್ ಅಣ್ಣ?"

"ಮಗ ದೋಹಾದಿಂದ ಕಳಿಸಿದ್ದು. ಐಫೋನ್ 7."

ಅಷ್ಟು ಹೇಳಿದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಐಫೋನ್‌ನಲ್ಲಿ ಕ್ರೋಮ್ ಅಂತ ಹೆಸರಿದ್ದರೂ ಒಳಗೆ ವೆಬ್‌ಕಿಟ್ಟೇ, ಫೈರ್‌ಫಾಕ್ಸ್‌ಗೂ ಅದೇ ಗತಿ, ಆಪಲ್‌ನ ನಿಯಮ ಹಾಗುಂಟು. 2024ರ ಮಾರ್ಚ್‌ನಲ್ಲಿ ಐಒಎಸ್ 17.4 ಬಂದ ಮೇಲೆ ಯುರೋಪಿಯನ್ ಒಕ್ಕೂಟದವರಿಗೆ ಮಾತ್ರ ಬೇರೆ ಎಂಜಿನ್ನಿಗೆ ದಾರಿ ಬಿಟ್ಟರು, ಆಗ ನಮಗೆ ಅದರಿಂದ ಏನೂ ಸಿಗಲಿಲ್ಲ. ಇನ್ನೊಂದು, ಐಫೋನಿನ ಸಫಾರಿ ಪ್ಲೇಸ್ಟೋರ್‌ನ ಕ್ರೋಮ್ ಹಾಗೆ ತನ್ನಷ್ಟಕ್ಕೆ ಅಪ್‌ಡೇಟ್ ಆಗುವುದಿಲ್ಲ, ಐಒಎಸ್ ಜೊತೆಗೇ ಬರಬೇಕು. ಐಫೋನ್ 7 ಐಒಎಸ್ 15ಕ್ಕೆ ನಿಂತಿದೆ. ಅಲ್ಲಿಗೆ ಅದರ ವೆಬ್‌ಕಿಟ್ ಕೂಡ ನಿಂತ ಹಾಗೆ.

ನನ್ನ ಗ್ನೋಮ್ ವೆಬ್‌ನಲ್ಲಿ ಆ ಸೈಟ್ ಚಂದ ಬರುತ್ತಿತ್ತು. ಪ್ಲೇರೈಟ್‌ನಲ್ಲೂ ಎಲ್ಲ ಹಸಿರು. ಬರದೆ ಏನು, ಎರಡರಲ್ಲೂ ಇದ್ದದ್ದು ಹೊಸ ವೆಬ್‌ಕಿಟ್. ಡೆಬಿಯನ್‌ನವರು ಸ್ಟೇಬಲ್ ಆವೃತ್ತಿಯಲ್ಲೂ ವೆಬ್‌ಕಿಟ್‌ಜಿಟಿಕೆಯನ್ನು ಭದ್ರತೆಯ ಕಾರಣಕ್ಕೆ ಆಗಾಗ ಹೊಸದು ಮಾಡುತ್ತಾ ಇರುತ್ತಾರೆ. ಬಳಸುವವರಿಗೆ ಅದು ಒಳ್ಳೆಯದೇ, ಆದರೆ ಐಫೋನ್ 7ರ ಕಷ್ಟ ಅದರಲ್ಲಿ ಕಾಣುವುದಿಲ್ಲ.

ಐಫೋನಿನ ಒಳಗೆ ಇಣುಕಬೇಕಿದ್ದರೆ ಆಪಲ್ ಹೇಳುವ ದಾರಿಗೆ ಮ್ಯಾಕ್ ಬೇಕು. ಲಿನಕ್ಸ್‌ನಿಂದ ಹೋಗುವ ಒಳದಾರಿಗಳೂ ಉಂಟು, ಆದರೆ ಕಿರಿಕಿರಿ ಜಾಸ್ತಿ. ಇಂಥ ಕಡೆ ನಾನು ಮಾಡುವುದು ಇಷ್ಟೇ. ಪುಟದ ತಲೆಯಲ್ಲಿ, ಉಳಿದ ಎಲ್ಲ ಸ್ಕ್ರಿಪ್ಟಿಗಿಂತ ಮೊದಲು, ಬೇರೆಯೇ ಆದ ಒಂದು ಪುಟ್ಟ ಸ್ಕ್ರಿಪ್ಟ್ ಹಾಕುತ್ತೇನೆ. ಎಲ್ಲಿ ಏನು ತಪ್ಪಾದರೂ ಆ ತಪ್ಪಿನ ಮಾತನ್ನು ಪುಟದ ಮೇಲೆಯೇ ಕೆಂಪಕ್ಷರದಲ್ಲಿ ಬರೆಯುವುದು ಅದರ ಕೆಲಸ. ಬೇರೆ ಸ್ಕ್ರಿಪ್ಟ್ ಯಾಕೆ ಅಂದರೆ, ಅದನ್ನೂ ಅದೇ ಕಡತದಲ್ಲಿ ಹಾಕಿದರೆ ಕಡತ ಸತ್ತಾಗ ಅದೂ ಸಾಯುತ್ತದೆ. ಖಜಾಂಚಿಯವರಿಗೆ ಹೊಸ ಲಿಂಕ್ ಕಳಿಸಿದೆ, ಅವರು ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿದರು. "ಇನ್‌ವ್ಯಾಲಿಡ್ ರೆಗ್ಯುಲರ್ ಎಕ್ಸ್‌ಪ್ರೆಷನ್: ಇನ್‌ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್." ವೆಬ್ ಕೆಲಸ ಮಾಡುವ ಎಷ್ಟೋ ಜನರಿಗೆ ಈ ಸಾಲು ಪರಿಚಯ ಇರಬಹುದು.

ರೆಗ್ಯುಲರ್ ಎಕ್ಸ್‌ಪ್ರೆಷನ್ ಅಂದರೆ ಬರಹದಲ್ಲಿ ಬೇಕಾದ ತುಂಡನ್ನು ಹುಡುಕುವ ಸೂತ್ರ. ಆಟದ ಹೊತ್ತು ಬಿಡಿಸಿಕೊಳ್ಳಲಿಕ್ಕೆ ಸೈಟ್ ಮಾಡಿದವರು ಅದರಲ್ಲಿ ಲುಕ್‌ಬಿಹೈಂಡ್ ಬಳಸಿದ್ದರು, ಅಂದರೆ ಇಂಥ ಅಕ್ಷರದ ಹಿಂದೆ ಇಂಥದ್ದು ಇದ್ದರೆ ಮಾತ್ರ ಹಿಡಿ ಅನ್ನುವ ಗುರುತು. ಸಫಾರಿಗೆ ಅದು ಅರ್ಥವಾಗಲು ಶುರುವಾದದ್ದು 2023ರ ಮಾರ್ಚ್‌ನಲ್ಲಿ, 16.4ರಲ್ಲಿ. ಅದಕ್ಕಿಂತ ಹಿಂದಿನದು ಆ ಒಂದು ಸಾಲನ್ನು ಬಿಟ್ಟು ಮುಂದೆ ಹೋಗುವುದಿಲ್ಲ, ಇಡೀ ಕಡತವನ್ನೇ ಓದಲಿಕ್ಕೆ ಒಪ್ಪುವುದಿಲ್ಲ. ಆ ಸಾಲು ಯಾವತ್ತೂ ಓಡದ ಫಂಕ್ಷನ್ ಒಳಗಿದ್ದರೂ ಅಷ್ಟೇ. ಪಟ್ಟಿ ಬರುವುದು ಹೇಗೆ? ಸಾಲನ್ನು ತೆಗೆದು ಗೆರೆ ಇರುವಲ್ಲಿ ತುಂಡು ಮಾಡುವ ಸಾದಾ ದಾರಿಗೆ ಬದಲಾಯಿಸಿದ ಮೇಲೆ ಪಟ್ಟಿ ಬಂತು.

ಇದನ್ನು ಲಿನಕ್ಸ್‌ನಲ್ಲೇ ಮೊದಲೇ ಹಿಡಿಯಬಹುದಿತ್ತಾ ಅಂದರೆ, ಹೌದು. ಪ್ಲೇರೈಟ್‌ನ ಹಳೆಯ ಆವೃತ್ತಿಗಳು ಆಯಾ ಕಾಲದ ವೆಬ್‌ಕಿಟ್ ಜೊತೆಗೇ ಬರುತ್ತವೆ. 2022ರ ಮೊದಲ ಭಾಗದ್ದನ್ನು ಡಾಕರ್‌ನಲ್ಲಿ ಎಬ್ಬಿಸಿದರೆ ಸುಮಾರು ಸಫಾರಿ 15.4ರ ಕಾಲದ ಎಂಜಿನ್ ಸಿಗುತ್ತದೆ. ಖಜಾಂಚಿಯವರ ಫೋನಿನಲ್ಲಿ ಬಂದ ತಪ್ಪು ಅಲ್ಲೂ ಬರುತ್ತದೆ. ಈಗ ನಾನು ಹೊಸದೊಂದು, ಹಳೆಯದೊಂದು ಎರಡನ್ನೂ ಇಟ್ಟುಕೊಂಡಿದ್ದೇನೆ, ಗಲ್ಫ್‌ನವರು ನೋಡುವ ಸೈಟ್ ಆದರೆ ಎರಡರಲ್ಲೂ ಓಡಿಸುತ್ತೇನೆ.

ಆದರೂ ಕೆಲವು ವಿಷಯ ಲಿನಕ್ಸ್‌ನ ವೆಬ್‌ಕಿಟ್‌ನಲ್ಲಿ ಕಾಣುವುದೇ ಇಲ್ಲ. ಐಫೋನ್‌ನಲ್ಲಿ ಸೈಟ್ ವಿಳಾಸ ತೋರಿಸುವ ಅಡ್ರೆಸ್ ಬಾರ್ ಚಿಕ್ಕದು ದೊಡ್ಡದು ಆಗುತ್ತಾ ಇರುತ್ತದೆ, ಪರದೆಯ ಪೂರ್ತಿ ಎತ್ತರ ಅಂತ ಲೆಕ್ಕ ಹಾಕಿ ಕೂರಿಸಿದ ಬುಕ್ಕಿಂಗ್ ಬಟನ್ ಅದರ ಕೆಳಗೆ ಅಡಗಿ ಕೂರುತ್ತದೆ. ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿರುವ ಫಾರ್ಮ್ ಮುಟ್ಟಿದರೆ ಪುಟ ತಾನೇ ಝೂಮ್ ಆಗಿ ಪಕ್ಕಕ್ಕೆ ಸರಿಯುತ್ತದೆ. ಮಲ್ಪೆ, ಕಾಪು ಕಡೆಯ ಹೋಮ್‌ಸ್ಟೇ ಸೈಟ್ ಮಾಡುವವರಿಗೆ ಇವೆರಡೂ ಸಾಕು, ಗಿರಾಕಿ ಬಯ್ಯಲಿಕ್ಕೆ. ಇದಕ್ಕೆಲ್ಲ ಕೈಯಲ್ಲಿ ಫೋನೇ ಬೇಕು.

ಇಷ್ಟು ಹೊತ್ತು ಎಂಜಿನ್ ಎಂಜಿನ್ ಅಂದೆ. ಕನ್ನಡ ಸೈಟಿಗೆ ಬಂದರೆ ಅದೂ ಅರ್ಧ ಮಾತು. ಇಂಗ್ಲಿಷ್ ಸೈಟಿನವರು ಬರೆದ ಟೆಸ್ಟಿಂಗ್ ಪಾಠಗಳಲ್ಲಿ ಸಿಗದ ಭಾಗ ಇದು.

ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಗ್ನೋಮ್ ವೆಬ್ ಮೂರರಲ್ಲೂ ಒಂದೇ ಕನ್ನಡ ಪುಟ ತೆರೆದು ಪಕ್ಕ ಪಕ್ಕ ಇಟ್ಟು ನೋಡಿ. ಅಕ್ಷರಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಯಾಕೆ ಅಂದರೆ ಎಂಜಿನ್ ಮೂರಾದರೂ ಕ ಕೆಳಗೆ ಷ ಒತ್ತು ಸೇರಿಸಿ ಕ್ಷ ಮಾಡುವ ಕೆಲಸವನ್ನು ಮೂರೂ ಹಾರ್ಫ್‌ಬಝ್ ಅನ್ನುವ ಒಂದೇ ಲೈಬ್ರರಿಗೆ ಒಪ್ಪಿಸುತ್ತವೆ, ಫಾಂಟ್ ಹುಡುಕುವ ಕೆಲಸವನ್ನು ಮೂರೂ ಫಾಂಟ್‌ಕಾನ್ಫಿಗ್‌ಗೆ ಬಿಡುತ್ತವೆ. ಹಾಗಾಗಿ ನಿಮ್ಮ ಯಂತ್ರದಲ್ಲಿ ಬ್ರೌಸರ್ ಬದಲಾಯಿಸಿ ಕನ್ನಡ ಟೆಸ್ಟ್ ಮಾಡಿದೆ ಅಂದರೆ ಏನೂ ಮಾಡಿದ ಹಾಗಾಗಲಿಲ್ಲ. ಬದಲಾಯಿಸಬೇಕಾದದ್ದು ಫಾಂಟ್.

ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ. ವಿಂಡೋಸ್‌ನಲ್ಲಿ ಹಿಂದೆ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ ಯುಐ. ಮ್ಯಾಕ್‌ನಲ್ಲಿ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್. ಒಂದೊಂದರ ಎತ್ತರ ಒಂದೊಂದು, ಒತ್ತಕ್ಷರ ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದೂ ಒಂದೊಂದರಲ್ಲಿ ಒಂದೊಂದು. ಸೈಟಿನ ಟೆಂಪ್ಲೇಟ್ ಬರೆದವರು ಇಂಗ್ಲಿಷ್ ಅಕ್ಷರ ನೋಡಿಕೊಂಡು ಸಾಲಿನ ಎತ್ತರ 1.2 ಅಂತ ಇಟ್ಟಿರುತ್ತಾರೆ, ಉದ್ದ ಹೆಸರು ಒಂದೇ ಸಾಲಿನಲ್ಲಿ ನಿಲ್ಲಲಿ ಅಂತ ಹೊರಗೆ ಚೆಲ್ಲಿದ್ದನ್ನು ಅಡಗಿಸುವ ಸೂಚನೆ ಕೊಟ್ಟಿರುತ್ತಾರೆ. ಆಗ ಕೆಳಗೆ ಚೆಲ್ಲಿದ ಒತ್ತೂ ಕತ್ತರಿಸಿ ಹೋಗುತ್ತದೆ.

ಅದೇ ಆಟದ ಪಟ್ಟಿಯಲ್ಲಿ ಇದು ಕಣ್ಣಿಗೆ ಹೊಡೆಯಿತು. ನಮ್ಮ ಕಡೆಯ ಊರುಗಳಿಗೆ ಒತ್ತಕ್ಷರ ಜಾಸ್ತಿ. ಕೆಳಗಿನ ಒತ್ತು ಹೋದರೆ ಮಲ್ಪೆ ಮಲೆಯಾಗುತ್ತದೆ. ಹಿರಿಯಡ್ಕದ ಬಾಲ ಹೋಗಿ ಹಿರಿಯಡ ಉಳಿಯುತ್ತದೆ. ಕಲ್ಲಡ್ಕ ಕಲಡ. ವಿಮಾನ ನಿಲ್ದಾಣದ ಬಜ್ಪೆ ಹೋಗಿ ಬರೀ ಬಜೆ, ಚಟ್ನಿ ಜೊತೆ ತಿನ್ನಬಹುದು. ಬೇರೆ ಊರಿನವರಿಗೆ ಏನೋ ಅಚ್ಚಿನ ದೋಷ ಅಂತ ಕಾಣಬಹುದು, ಆದರೆ ರಾತ್ರಿ ಆಟಕ್ಕೆ ಹೊರಟವನಿಗೆ ಊರಿನ ಹೆಸರೇ ತಪ್ಪು. ನನ್ನ ಯಂತ್ರದಲ್ಲಿ ಲೋಹಿತ್ ಕನ್ನಡ ಫಾಂಟ್ ಹಿಡಿದಿದ್ದಾಗ ಒತ್ತುಗಳು ಹೇಗೋ ಉಳಿದುಕೊಂಡಿದ್ದವು, ನೋಟೋಗೆ ಬದಲಾಯಿಸಿದ ಕೂಡಲೇ ಕತ್ತರಿಸಿ ಹೋದವು. ಸಾಲಿನ ಎತ್ತರ 1.6ಕ್ಕೆ ಏರಿಸಿ ಕೆಳಗೆ ಸ್ವಲ್ಪ ಜಾಗ ಬಿಟ್ಟದ್ದಕ್ಕೆ ಸರಿಯಾಯಿತು. ಎಲ್ಲ ಕಡೆ 1.6 ಅಂತ ನಿಯಮ ಮಾಡಬೇಡಿ. ದೊಡ್ಡ ತಲೆಬರಹ ಎರಡು ಸಾಲಾದರೆ ಮಧ್ಯೆ ಗದ್ದೆಯಷ್ಟು ಜಾಗ ಕಾಣುತ್ತದೆ.

ಫಾಂಟ್ ಬದಲಾಯಿಸಿ ನೋಡುವ ಈ ಕೆಲಸಕ್ಕೆ ಲಿನಕ್ಸ್‌ನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೋ ಎಲ್ಲ ಪ್ಯಾಕೇಜ್ ಆಗಿ ಸಿಗುತ್ತವೆ. ಹಾಕಿ, ತೆಗೆಯಿರಿ, ಯಾರೂ ಕೇಳುವವರಿಲ್ಲ. ಎಫ್‌ಸಿ-ಮ್ಯಾಚ್ ಕಮಾಂಡಿಗೆ ಭಾಷೆ ಕನ್ನಡ ಅಂತ ಕೊಟ್ಟರೆ ಯಂತ್ರ ಈಗ ಯಾವ ಫಾಂಟ್ ಹಿಡಿಯುತ್ತಿದೆ ಅಂತ ಹೇಳುತ್ತದೆ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಭಾಗಕ್ಕೆ ಹೋಗಿ ಅಡ್ವಾನ್ಸ್ಡ್ ಒತ್ತಿದರೆ ಕನ್ನಡಕ್ಕೆ ಅಂತಲೇ ಬೇರೆ ಫಾಂಟ್ ಆರಿಸಬಹುದು, ಯಂತ್ರವನ್ನು ಮುಟ್ಟಬೇಕು ಅಂತಿಲ್ಲ. ಹಾಗೇ ಅದರ ಇನ್‌ಸ್ಪೆಕ್ಟರ್‌ನಲ್ಲಿ ಫಾಂಟ್ಸ್ ಅಂತ ಒಂದು ಟ್ಯಾಬ್ ಉಂಟು, ಪುಟದಲ್ಲಿ ನೀವು ಆರಿಸಿದ ಜಾಗಕ್ಕೆ ನಿಜವಾಗಿ ಯಾವ ಫಾಂಟ್ ಬಂದಿದೆ ಅಂತ ಅಲ್ಲಿ ಕಾಣುತ್ತದೆ. ಕ್ರೋಮ್‌ನಲ್ಲೂ ಇದೆ, ಕಂಪ್ಯೂಟೆಡ್ ಟ್ಯಾಬ್‌ನ ಅಡಿಯಲ್ಲಿ ಅಡಗಿಸಿಟ್ಟಿದ್ದಾರೆ.

ಇದನ್ನು ನೋಡುವಾಗ ಪುಟದ ಮೊದಲ ಸಾಲಿನಲ್ಲಿ ಭಾಷೆ ಏನಂತ ಬರೆದಿದೆ ಅಂತಲೂ ನೋಡಿ. ಕನ್ನಡ ಸೈಟ್‌ಗಳಲ್ಲಿ ಎಷ್ಟೋ ಕಡೆ ಟೆಂಪ್ಲೇಟ್ ಜೊತೆ ಬಂದ ಇಂಗ್ಲಿಷ್ ಗುರುತೇ ಹಾಗೇ ಉಳಿದಿರುತ್ತದೆ. ಬ್ರೌಸರ್ ಫಾಂಟ್ ಆರಿಸುವಾಗ ಆ ಗುರುತನ್ನೂ ನೋಡುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ಅದನ್ನೇ ನಂಬುತ್ತದೆ.

ವೆಬ್‌ಫಾಂಟ್ ಹಾಕಿದರೆ, ಅಂದರೆ ಸೈಟಿನ ಜೊತೆಗೇ ಫಾಂಟ್ ಕಳಿಸಿದರೆ, ಈ ತೊಂದರೆ ಇಲ್ಲವಲ್ಲ ಅಂತ ನೀವು ಹೇಳಬಹುದು. ಸುಮಾರು ಮಟ್ಟಿಗೆ ಸರಿ. ಆದರೆ ಲಿನಕ್ಸ್‌ನಲ್ಲಿ ಕೂತ ನಮಗೆ ಅದರಲ್ಲೂ ಒಂದು ಮೋಸ ಉಂಟು. ನೋಟೋ ಸಾನ್ಸ್ ಕನ್ನಡವನ್ನು ಸೈಟಿನ ಜೊತೆ ಕಳಿಸುತ್ತಿದ್ದೀರಿ ಅಂತಿಟ್ಟುಕೊಳ್ಳಿ, ನಿಮ್ಮ ಯಂತ್ರದಲ್ಲೂ ಅದೇ ಮೊದಲೇ ಇದೆ. ಫಾಂಟ್ ಕಡತದ ದಾರಿ ತಪ್ಪಾಗಿ ಅದು ಇಳಿಯದೇ ಹೋದರೂ ಯಂತ್ರದಲ್ಲಿದ್ದದ್ದು ಬಂದು ಕೂರುತ್ತದೆ. ಎಲ್ಲ ಚಂದ. ವಿಂಡೋಸ್‌ನವನಿಗೆ ಮಾತ್ರ ಬೇರೆಯೇ ಪುಟ. ಹಾಗಾಗಿ ವೆಬ್‌ಫಾಂಟ್ ಟೆಸ್ಟ್ ಮಾಡುವ ಬಳಕೆದಾರ ಖಾತೆಯಲ್ಲೋ ಕಂಟೇನರ್‌ನಲ್ಲೋ ಕನ್ನಡ ಫಾಂಟ್ ಒಂದೂ ಇರಬಾರದು. ಫಾಂಟ್ ಇಳಿಯದಿದ್ದರೆ ಬರೀ ಚೌಕಗಳು ಬರಲಿ, ಆಗ ಗೊತ್ತಾಗುತ್ತದೆ.

ಫೋನ್‌ಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲ್ಯಾಪ್‌ಟಾಪ್‌ನಲ್ಲೇ ಸರ್ವರ್ ಎಬ್ಬಿಸಿ, ಅದೇ ವೈಫೈಯಲ್ಲಿರುವ ಫೋನಿನಲ್ಲಿ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಹೊಡೆದರೆ ಸಾಕು. ಬರಲಿಲ್ಲ ಅಂದರೆ ಒಂದೋ ಲಿನಕ್ಸ್‌ನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಆ ಪೋರ್ಟ್ ಮುಚ್ಚಿರುತ್ತದೆ, ಇಲ್ಲವಾದರೆ ನಿಮ್ಮ ಡೆವಲಪ್‌ಮೆಂಟ್ ಸರ್ವರ್ ಲೋಕಲ್‌ಹೋಸ್ಟ್‌ಗೆ, ಅಂದರೆ ತನ್ನದೇ ಯಂತ್ರಕ್ಕೆ ಮಾತ್ರ ಕಿವಿ ಕೊಡುತ್ತಿರುತ್ತದೆ. ಪೈಥಾನ್ ಜೊತೆ ಬರುವ ಸಾದಾ ಸರ್ವರ್‌ಗೆ ಈ ಎರಡನೆಯ ತಕರಾರು ಇಲ್ಲ. ಆಂಡ್ರಾಯ್ಡ್ ಫೋನ್ ಆದರೆ ಯುಎಸ್‌ಬಿ ಹಾಕಿ, ಫೋನಿನ ಜೊತೆ ಮಾತಾಡುವ ಎಡಿಬಿ ಸಲಕರಣೆ ಇದ್ದರೆ ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಲ್ಲಿ ಫೋನಿನ ಟ್ಯಾಬ್‌ಗಳೆಲ್ಲ ಬಂದು ಕೂರುತ್ತವೆ, ಲ್ಯಾಪ್‌ಟಾಪ್‌ನಲ್ಲಿ ಕೂತೇ ಎಲ್ಲ ನೋಡಬಹುದು. ಫೈರ್‌ಫಾಕ್ಸ್‌ಗೂ ಇಂಥದೇ ವ್ಯವಸ್ಥೆ ಉಂಟು. ಫೇಸ್‌ಬುಕ್ ಒಳಗಿಂದ ಲಿಂಕ್ ಒತ್ತಿ ಕೂಡ ನೋಡಿ, ಅದು ತನ್ನೊಳಗಿನ ಬ್ರೌಸರ್‌ನಲ್ಲೇ ಪುಟ ತೆರೆಯುತ್ತದೆ, ಪಿಡಿಎಫ್ ಇಳಿಸುವ ಬಟನ್ ಅಲ್ಲಿ ಕೈಕೊಡುವುದು ಹೊಸತಲ್ಲ.

ಉಬುಂಟುವಿನವರಿಗೆ ಇನ್ನೊಂದು ಮಾತು. 22.04ರಿಂದ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಆಗಿ, ಅಂದರೆ ಸುತ್ತ ಬೇಲಿ ಹಾಕಿದ ಪ್ಯಾಕೇಜ್ ಆಗಿ. ಅದಕ್ಕೆ ಟೆಂಪ್ ಫೋಲ್ಡರ್ ಕಾಣುವುದಿಲ್ಲ, ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳೂ ಕಾಣುವುದಿಲ್ಲ. ಅಲ್ಲಿ ಇಟ್ಟ ಎಚ್‌ಟಿಎಂಎಲ್ ಕಡತ ಕ್ರೋಮ್‌ನಲ್ಲಿ ತೆರೆಯುತ್ತದೆ, ಫೈರ್‌ಫಾಕ್ಸ್‌ನಲ್ಲಿ ಸಿಗಲಿಲ್ಲ ಅನ್ನುತ್ತದೆ. ಇದನ್ನು ಬ್ರೌಸರ್ ವ್ಯತ್ಯಾಸ ಅಂತ ತಿಳಿದು ತಲೆ ಕೆಡಿಸಿಕೊಳ್ಳಬೇಡಿ, ಕಡತವನ್ನು ಹೋಮ್‌ನ ಸಾದಾ ಫೋಲ್ಡರ್‌ಗೆ ಹಾಕಿ.

ನಿಜವಾದ ಐಫೋನ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೇವೆಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ದೊಡ್ಡ ಕಂಪನಿಗೆ ಸರಿ, ಊರಿನ ಬಳಗಕ್ಕೆ ಸೈಟ್ ಮಾಡಿ ಕೊಟ್ಟು ಬದಲಿಗೆ ಆಟಕ್ಕೆ ಎದುರಿನ ಕುರ್ಚಿ ಸಿಕ್ಕಿತು ಅಂತ ಖುಷಿಪಡುವ ನನ್ನಂಥವನಿಗೆ ಅದು ಆಗುವ ಮಾತಲ್ಲ. ಹಾಗಾಗಿ ಇದನ್ನು ಓದುವವರ ಮನೆಯ ಕಪಾಟಿನಲ್ಲಿ ಗಾಜು ಒಡೆದ, ಬ್ಯಾಟರಿ ಉಬ್ಬದ ಐಫೋನ್ 6 ಏನಾದರೂ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ನನಗೆ ಕೊಡಿ. ಅದು ಐಒಎಸ್ 12ಕ್ಕೆ ನಿಂತ ಫೋನ್, ಆ ಕಾಲದ ವೆಬ್‌ಕಿಟ್ ಇನ್ನೂ ಅದರಲ್ಲಿ ಹಾಗೇ ಇರುತ್ತದೆ. ಬನ್ಸ್, ಚಾ ನನ್ನ ಲೆಕ್ಕ.